ತಡಮೆ ದಾಟಿದರೆ ಮಾತು ಬದಲು: ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಮೂರು ದಿನ

ನಮ್ಮ ನಡಿಗೆ ಗುಂಪಿಗೆ ಘನವಾದ ಉದ್ದೇಶ ಏನೂ ಇಲ್ಲ. ತಿಂಗಳಿಗೊಂದು ಭಾನುವಾರ ಯಾವುದಾದರೂ ಹಳ್ಳಿಯ ಚರ್ಚ್ ಮುಂದೆ ಸೇರುತ್ತೇವೆ. ಐದಾರು ಮೈಲಿ ಹೊಲ, ತೋಪು, ಕಾಲುವೆ ದಂಡೆ ಅಂತ ಸುತ್ತುತ್ತೇವೆ. ಆಮೇಲೆ ಪಬ್‌ನಲ್ಲಿ ಕಾಲು ಚಾಚಿ ಕೂತು ಹರಟೆ. ಇಂಗ್ಲೆಂಡಿನಲ್ಲಿ ಇಂಥ ಗುಂಪುಗಳಿಗೆ ಬರವಿಲ್ಲ. ಬರುವವರಲ್ಲಿ ನಿವೃತ್ತರೇ ಜಾಸ್ತಿ. ಊರಿಗೆ ಹೊಸಬರು, ಒಂಟಿಯಾದವರು, ವಾರಪೂರ್ತಿ ಲ್ಯಾಪ್‌ಟಾಪ್ ಮುಂದೆ ಕೂತು ಎದುರಿಗೆ ಮನುಷ್ಯರನ್ನೇ ಕಾಣದವರು ಕೂಡ ಇದ್ದಾರೆ. ನಾನು ಈ ಕೊನೆಯ ಪಂಗಡದವಳು.

ನಮ್ಮ ಪಟ್ಟಣ ಇರುವುದು ಲಿಂಕನ್‌ಶೈರ್‌ನಲ್ಲಿ. ಸುತ್ತ ಕಣ್ಣು ಹಾಯುವಷ್ಟು ದೂರ ಸಪಾಟು ನೆಲ. ರೈಲ್ವೆ ಮೇಲ್ಸೇತುವೆ ಹತ್ತಿದರೂ ಏದುಸಿರು ಬಿಡುವವರು ನಾವು. ಮೇ ತಿಂಗಳ ಕೊನೆಯ ಸೋಮವಾರ ಇಲ್ಲಿ ಸರ್ಕಾರಿ ರಜೆ. ಅದನ್ನು ವಾರಾಂತ್ಯಕ್ಕೆ ಸೇರಿಸಿಕೊಂಡು ಈ ಸಲದ ನಡಿಗೆಯನ್ನು ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಮಾಡೋಣ, ನಿಜವಾದ ಗುಡ್ಡ ಹತ್ತೋಣ ಎಂದರು ಲೀಡರ್. ಹದಿನಾಲ್ಕು ಜನ ಹೆಸರು ಕೊಟ್ಟರು.

ಲೀಡರ್ ಅಂದರೆ ನಿವೃತ್ತ ನರ್ಸ್ ಒಬ್ಬರು. ಎತ್ತರ ಕಡಿಮೆ, ಹೆಜ್ಜೆ ಚುರುಕು. ಪ್ಲಾಸ್ಟಿಕ್ ಚೀಲದೊಳಗಿನ ನಕ್ಷೆ ಸದಾ ಕೊರಳಲ್ಲಿ. ಯಾವ ನಡಿಗೆಯಾದರೂ ಮುಂಚೆಯೇ ಒಮ್ಮೆ ತಾವೊಬ್ಬರೇ ಹೋಗಿ ದಾರಿ ನೋಡಿಕೊಂಡು ಬರುತ್ತಾರೆ. ಯಾವ ಗೇಟು ಮುರಿದಿದೆ, ಯಾವ ಹೊಲದಲ್ಲಿ ಹೋರಿ ಇದೆ, ಎಲ್ಲಿ ಕೂತು ತಿನ್ನಬಹುದು, ಎಲ್ಲಿ ಶೌಚಾಲಯ ಇದೆ, ಎಲ್ಲ ಅವರ ಚೀಟಿಯಲ್ಲಿ ಇರುತ್ತದೆ. ಸಾಲಿನ ಕೊನೆಗೆ ಹಳದಿ ಜಾಕೆಟ್ ತೊಟ್ಟ ಭೂಗೋಳದ ಮೇಷ್ಟ್ರು. ಅವರೂ ನಿವೃತ್ತರೇ. ಅವರ ಹಿಂದೆ ಯಾರೂ ಉಳಿಯುವ ಹಾಗಿಲ್ಲ. ಪ್ರತಿ ಗೇಟಿನ ಬಳಿ ತಲೆ ಎಣಿಸಿ, ಹದಿನಾಲ್ಕು ಆದ ಮೇಲೆ ಕೈ ಎತ್ತುತ್ತಾರೆ. ಆ ಕೈ ಕಂಡ ಮೇಲೆಯೇ ಮುಂದಿನವರು ಹೆಜ್ಜೆ ಇಡುವುದು.

ಮೊದಲ ದಿನ, ಶನಿವಾರ: ಎಡೇಲ್, ಮ್ಯಾಮ್ ಟಾರ್, ಕ್ಯಾಸಲ್‌ಟನ್

ಶೆಫೀಲ್ಡ್‌ನಲ್ಲಿ ರೈಲು ಬದಲಾಯಿಸಿ ಹೋಪ್ ಕಣಿವೆಯ ಗಾಡಿ ಹಿಡಿದೆವು. ಊರು ಮುಗಿಯಿತು ಅನ್ನುವಷ್ಟರಲ್ಲಿ ಗಾಡಿ ಟಾಟ್ಲಿ ಸುರಂಗಕ್ಕೆ ನುಗ್ಗಿತು. ಮೂರೂವರೆ ಮೈಲಿ ಕತ್ತಲು. 19ನೇ ಶತಮಾನದ ಕೊನೆಯಲ್ಲಿ ಕೊರೆದದ್ದು. ಆಚೆ ತುದಿಗೆ ಬಂದರೆ ನೋಟವೇ ಬೇರೆ. ಎರಡೂ ಕಡೆ ಗುಡ್ಡ, ನಡುವೆ ಹಸಿರು, ಬೇಲಿಯ ಹಾಥಾರ್ನ್ ಗಿಡಗಳ ತುಂಬ ಬಿಳಿ ಹೂವು.

ಎಡೇಲ್ ಪುಟ್ಟ ಊರು. ಸಾಲು ಮಂಚಗಳ ತಂಗುಮನೆ, ಅಂದರೆ ಬಂಕ್‌ಹೌಸ್ ಒಂದರಲ್ಲಿ ಚೀಲ ಎಸೆದು, ಹನ್ನೊಂದು ಗಂಟೆಗೆಲ್ಲ ಹೊಲದ ದಾರಿಗೆ ಇಳಿದೆವು. ನೋ ಎಂಬ ಹೊಳೆ ದಾಟಿದರೆ ಎದುರಿಗೇ ಗುಡ್ಡದ ಸಾಲು. ಅದರ ನಡುವೆ ತಗ್ಗಾಗಿ ಕಾಣುವ ಜಾಗ ಹಾಲಿನ್ಸ್ ಕ್ರಾಸ್.

ನಡಿಗೆ ಶುರುವಾದಾಗ ಎಲ್ಲರೂ ತಮಗೆ ಗೊತ್ತಿರುವವರ ಪಕ್ಕದಲ್ಲೇ ಇರುತ್ತಾರೆ. ಇದು ಪ್ರತಿ ತಿಂಗಳ ಕಥೆ. ಗಂಡ ಹೆಂಡತಿ ಜೊತೆಗೆ, ಹಳೆಯ ಗೆಳತಿಯರು ಜೊತೆಗೆ, ಹೊಸಬರು ಫೋನ್ ಜೊತೆಗೆ. ಆಮೇಲೆ ಮೊದಲ ತಡಮೆ ಬರುತ್ತದೆ. ಬೇಲಿ ದಾಟಲು ಅಡ್ಡ ಹಲಗೆ ಮೆಟ್ಟಿಲಿನ ತಡಮೆ. ನಮ್ಮ ಮಲೆನಾಡಿನ ತೋಟಗಳಲ್ಲಿ ಇಲ್ಲವೇ, ದನ ನುಗ್ಗಬಾರದು, ಮನುಷ್ಯ ಮಾತ್ರ ದಾಟಬೇಕು ಅಂತ ಮಾಡಿರುವುದು, ಅದೇ ಉಪಾಯ. ಒಂದು ಸಲಕ್ಕೆ ಒಬ್ಬರು. ಮಂಡಿ ನೋವಿನವರು ನಿಧಾನ. ಉದ್ದ ಕಾಲಿನವರು ಒಂದೇ ನೆಗೆತ. ಆಚೆ ಬದಿಗೆ ಇಳಿಯುವಾಗ ನಿಮ್ಮ ಪಕ್ಕದಲ್ಲಿದ್ದವರು ಮುಂದೆ ಹೋಗಿರುತ್ತಾರೆ. ಹಿಂದಿದ್ದವರು ಇನ್ನೂ ಏಣಿ ಮೇಲೆ. ಪಕ್ಕದಲ್ಲಿ ಇನ್ಯಾರೋ. ಸುಮ್ನೆ ನಡೆಯುವುದು ಸರಿಯಲ್ಲ ಅಂತ ಅವರೊಡನೆ ಒಂದು ಮಾತು ಶುರು. ಮುಂದಿನ ತಡಮೆವರೆಗೆ ಅದೇ ಜೋಡಿ.

ಈ ಗುಂಪುಗಳ ಸ್ನೇಹ ಪಬ್‌ನಲ್ಲಿ ಆಗುತ್ತದೆ ಅಂತ ಹೊರಗಿನವರಿಗೆ ಅನ್ನಿಸಬಹುದು. ನನ್ನ ಪ್ರಕಾರ ಅಲ್ಲ. ಪಬ್‌ನಲ್ಲಿ ಕೂತ ಜಾಗದಲ್ಲೇ ಸಿಕ್ಕಿಕೊಳ್ಳುತ್ತೇವೆ. ಪಕ್ಕದವರು ಒಂದು ಗಂಟೆ ತಮ್ಮ ಮನೆಯ ಛಾವಣಿ ರಿಪೇರಿಯ ಪುರಾಣ ಹೇಳಿದರೂ ಎದ್ದು ಹೋಗುವಂತಿಲ್ಲ. ಹೊಲದಲ್ಲಾದರೆ ತಡಮೆ ಬಂದು ಬಿಡಿಸುತ್ತದೆ. ಮಾತು ಚೆನ್ನಾಗಿ ಸಾಗುತ್ತಿದ್ದರೆ ಆಚೆ ಬದಿಯಲ್ಲಿ ನಿಂತು ಕಾಯಬಹುದು. ಯಾರು ಯಾರಿಗಾಗಿ ಕಾದರು ಅಂತ ನೋಡಿದರೆ ಗುಂಪಿನ ಒಳಗಿನ ಸುದ್ದಿಯೆಲ್ಲ ಗೊತ್ತಾಗುತ್ತದೆ.

ಮೊದಲ ತಡಮೆ ದಾಟಿದಾಗ ನನ್ನ ಪಕ್ಕ ಬಂದವನು ಹೊಸ ಹುಡುಗ. ಕೆಲಸಕ್ಕಾಗಿ ನಮ್ಮೂರಿಗೆ ಬಂದು ಒಂದು ಚಳಿಗಾಲ ಕಳೆದಿದ್ದಾನೆ. ಕೇಳಿದ್ದಕ್ಕೆ ಹೌದು, ಇಲ್ಲ. ಅಷ್ಟೇ. ಎರಡನೆಯದು ದಾಟಿದಾಗ ನಾಯಿಯ ಹಗ್ಗ ಹಿಡಿದ ಹಿರಿಯ ಹೆಂಗಸು. ಅವರ ಬಳಿ ಕೇಳುವುದೇ ಬೇಡ. ನಾಯಿಯ ಹೊಟ್ಟೆಯಿಂದ ಹಿಡಿದು ಮೊಮ್ಮಗಳ ಮದುವೆಯವರೆಗೆ ಅವರೇ ಹೇಳಿದರು.

ಹಾಲಿನ್ಸ್ ಕ್ರಾಸ್ ತಲುಪಿದಾಗ ಗಾಳಿ ಮುಖಕ್ಕೆ ರಪ್ಪನೆ ಹೊಡೆಯಿತು. ಎಡೇಲ್‌ಗೆ 17ನೇ ಶತಮಾನದಲ್ಲಿ ತನ್ನದೇ ಚರ್ಚ್ ಆಗುವವರೆಗೆ, ಅಲ್ಲಿ ಸತ್ತವರನ್ನು ಇದೇ ಏರು ಹತ್ತಿಸಿ ಆಚೆ ಕ್ಯಾಸಲ್‌ಟನ್‌ಗೆ ಹೊತ್ತು ಒಯ್ಯುತ್ತಿದ್ದರಂತೆ. ಬರಿಗೈಯಲ್ಲಿ ಹತ್ತಿದ ನಮಗೇ ಉಸಿರಿಲ್ಲ. ಆಮೇಲಿನ ಕಾಲದಲ್ಲಿ ಕ್ಯಾಸಲ್‌ಟನ್‌ನಿಂದ ಹೆಂಗಸರು ದಿನಾ ಇದೇ ದಾರಿಯಲ್ಲಿ ಎಡೇಲ್‌ನ ಹತ್ತಿ ಗಿರಣಿಗೆ ಕೆಲಸಕ್ಕೆ ಬರುತ್ತಿದ್ದರು. ನಾವು ಇದನ್ನು ರಜೆಯ ಮೋಜು ಅನ್ನುತ್ತೇವೆ. ಅವರಿಗೆ ಇದು ಶಿಫ್ಟಿಗೆ ಹೋಗುವ ದಾರಿ.

ಅಲ್ಲಿಂದ ಗುಡ್ಡದ ನೆತ್ತಿಯ ಮೇಲೇ ಪಶ್ಚಿಮಕ್ಕೆ ನಡೆದರೆ ಮ್ಯಾಮ್ ಟಾರ್. 517 ಮೀಟರ್. ಎಷ್ಟೋ ಶತಮಾನಗಳ ಹಿಂದಿನ ಕೋಟೆಯ ಮಣ್ಣಿನ ದಿಬ್ಬಗಳು ತುದಿಯ ಸುತ್ತ ಈಗಲೂ ಕಾಣುತ್ತವೆ. ಅಲ್ಲಿ ನಿಂತು ನೋಡಿದರೆ ಈ ನಾಡಿನ ಎರಡು ಬಣ್ಣ ಒಟ್ಟಿಗೆ ಸಿಗುತ್ತವೆ. ಉತ್ತರಕ್ಕೆ ಒರಟು ಮರಳುಗಲ್ಲು, ಕಪ್ಪು ಬೆಟ್ಟ, ಹುಲ್ಲುಗಾಡು. ದಕ್ಷಿಣಕ್ಕೆ ಸುಣ್ಣಕಲ್ಲು, ತಿಳಿ ಹಸಿರು ಹೊಲ, ಬಿಳಿ ಗೋಡೆ. ಕಪ್ಪು ಪೀಕ್, ಬಿಳಿ ಪೀಕ್ ಎಂದು ಇವನ್ನು ಕರೆಯುವುದೇ ವಾಡಿಕೆ.

ನನಗೆ ಈ ದಿನದ ಬಹುಮಾನ ತುದಿಯಲ್ಲ, ಇಳಿಯುವ ದಾರಿಯಲ್ಲಿ ಸಿಕ್ಕಿತು. ಮ್ಯಾಮ್ ಟಾರ್‌ನ ಪೂರ್ವದ ಮುಖ ಸಾವಿರಾರು ವರ್ಷಗಳಿಂದ ಜಾರುತ್ತಿದೆ. ಮೇಲೆ ಮರಳುಗಲ್ಲು, ಅಡಿಯಲ್ಲಿ ಪುಡಿಪುಡಿಯಾಗುವ ಜೇಡುಗಲ್ಲು. ಮಳೆ ಜಾಸ್ತಿಯಾದರೆ ಜಾರುವುದೂ ಜಾಸ್ತಿ. ಇಂಥ ಇಳಿಜಾರಿನ ಮೇಲೆ 19ನೇ ಶತಮಾನದ ಆರಂಭದಲ್ಲಿ ರಸ್ತೆ ಮಾಡಿದರು. ಕುಸಿಯಿತು, ತೇಪೆ ಹಾಕಿದರು. ಮತ್ತೆ ಕುಸಿಯಿತು, ಮತ್ತೆ ತೇಪೆ. 1979ರಲ್ಲಿ ಸಾಕಪ್ಪಾ ಸಾಕು ಅಂತ ಎ 625 ಹೆದ್ದಾರಿಯ ಈ ತುಂಡನ್ನು ಪೂರ್ತಿ ಮುಚ್ಚಿಬಿಟ್ಟರು.

ಈಗ ಅದರ ಮೇಲೆ ನಡೆಯಬಹುದು. ರಸ್ತೆ ನಡುವೆಯೇ ಸೀಳಿ, ಒಂದು ಬದಿ ಆಳೆತ್ತರ ಕೆಳಗೆ ಕೂತಿದೆ. ಸೀಳಿದ ಅಂಚಿನಲ್ಲಿ ಬಗ್ಗಿ ನೋಡಿದೆ. ದೋಸೆ ಮೇಲೆ ದೋಸೆ ಇಟ್ಟ ಹಾಗೆ ಡಾಂಬರಿನ ಪದರಗಳು. ಒಂದರ ಮೇಲೊಂದು, ನಡುವೆ ಜಲ್ಲಿ. ಒಂದೊಂದು ಪದರವೂ ಯಾವುದೋ ವರ್ಷ ಯಾರೋ ಎಂಜಿನಿಯರ್ 'ಈ ಸಲ ನಿಲ್ಲುತ್ತೆ' ಅಂದುಕೊಂಡು ಹಾಕಿಸಿದ್ದು. ಮೇಲಿನ ಪದರದ ನಡುವೆ ಎಳೆದ ಬಿಳಿ ಗೆರೆ ಇನ್ನೂ ಹಾಗೇ ಇದೆ. ಗೆರೆ ನೇರ ಹೋಗಿ ಗಾಳಿಯಲ್ಲಿ ಮುಗಿಯುತ್ತದೆ. ಮೇಷ್ಟ್ರು ಅಲ್ಲಿ ಇಪ್ಪತ್ತು ನಿಮಿಷ ಪಾಠ ಮಾಡಿದರು. ಒಬ್ಬರೂ ಕದಲಲಿಲ್ಲ.

ಕ್ಯಾಸಲ್‌ಟನ್‌ನಲ್ಲಿ ರಜೆಯ ಜನಜಂಗುಳಿ. ಬ್ಲೂ ಜಾನ್ ಎಂಬ ನೇರಳೆ, ಹಳದಿ ಪಟ್ಟೆಯ ಕಲ್ಲು ಇಲ್ಲಿನ ಗುಹೆಗಳಲ್ಲಿ ಸಿಗುತ್ತದೆ. ಬೀದಿಯ ಎಲ್ಲ ಅಂಗಡಿಯಲ್ಲೂ ಅದರದ್ದೇ ಓಲೆ, ಉಂಗುರ. ಪೀಕ್ ಕ್ಯಾವರ್ನ್ ಗುಹೆಯ ಬಾಯಲ್ಲಿ ಶತಮಾನಗಳ ಕಾಲ ಹಗ್ಗ ಹೊಸೆಯುವವರು ಕೆಲಸ ಮಾಡುತ್ತಿದ್ದರು. ಮಳೆ ಬರಲಿ ಬಿಸಿಲಿರಲಿ, ಉದ್ದುದ್ದ ಹಗ್ಗ ಎಳೆಯಲು ಅಷ್ಟು ದೊಡ್ಡ ಸೂರು ಇನ್ನೆಲ್ಲಿ ಸಿಗಬೇಕು? ಟೀ ಕುಡಿದು, ಮತ್ತೆ ಅದೇ ಹೆಣ ಹೊತ್ತ ದಾರಿಯಲ್ಲಿ ಎಡೇಲ್‌ಗೆ ವಾಪಸ್. ರಾತ್ರಿ ಒಂಬತ್ತಾದರೂ ಬೆಳಕಿತ್ತು. ಬಂಕ್‌ಹೌಸ್‌ನ ಗೊರಕೆಯ ಬಗ್ಗೆ ಬರೆಯುವುದು ಬೇಡ.

ಎರಡನೇ ದಿನ, ಭಾನುವಾರ: ಕಿಂಡರ್ ಸ್ಕೌಟ್

ಬೆಳಿಗ್ಗೆ ಗುಡ್ಡ ಇರಲಿಲ್ಲ. ಅರ್ಧದಿಂದ ಮೇಲೆ ಬರೀ ಮಂಜು. ನಾಲ್ಕು ಜನ ಇವತ್ತು ಕಣಿವೆಯಲ್ಲೇ ಇರುತ್ತೇವೆ ಎಂದರು. ಲೀಡರ್ ಯಾರನ್ನೂ ಒತ್ತಾಯ ಮಾಡಲಿಲ್ಲ. ಹನ್ನೆರಡು ಮೈಲಿಗಿಂತ ಜಾಸ್ತಿ, ಮೇಲೆ ಹೋದ ಮೇಲೆ ಅರ್ಧಕ್ಕೆ ವಾಪಸ್ ಬರುವುದು ಕಷ್ಟ ಎಂದು ಮೊದಲೇ ಹೇಳಿಬಿಟ್ಟರು. ಮೇಷ್ಟ್ರ ಲೆಕ್ಕ ಹತ್ತಕ್ಕೆ ಇಳಿಯಿತು.

ಎಡೇಲ್ ಅಂದರೆ ಪೆನೈನ್ ವೇ ಎಂಬ ದೂರದ ಕಾಲುದಾರಿ ಶುರುವಾಗುವ ಊರು. ಓಲ್ಡ್ ನ್ಯಾಗ್ಸ್ ಹೆಡ್ ಎಂಬ ಪಬ್‌ನ ಎದುರಿಂದ ಹೊರಟು ಸ್ಕಾಟ್ಲೆಂಡಿನ ಕರ್ಕ್ ಯೆಟ್ಹೋಮ್‌ವರೆಗೆ 268 ಮೈಲಿ. 1965ರಲ್ಲಿ ತೆರೆದದ್ದು. ದೊಡ್ಡ ಚೀಲ ಹೊತ್ತ ಇಬ್ಬರು ಹುಡುಗಿಯರು ನಮ್ಮ ಮುಂದೆಯೇ ಹೊರಟರು. ಅವರ ಬೂಟುಗಳಲ್ಲಿ ಇನ್ನೂ ಕೆಸರಿನ ಗುರುತೇ ಇರಲಿಲ್ಲ.

ಅಪ್ಪರ್ ಬೂತ್ ದಾಟಿ, ಹಳೆಯ ಕಾಲದಲ್ಲಿ ಹೇರು ಕುದುರೆಗಳು ಓಡಾಡುತ್ತಿದ್ದ ಕಿರಿದಾದ ಕಲ್ಲು ಸೇತುವೆ ದಾಟಿದರೆ ಜೇಕಬ್ಸ್ ಲ್ಯಾಡರ್ ಎಂಬ ಏರು. ಕಲ್ಲು ಮೆಟ್ಟಿಲು. 18ನೇ ಶತಮಾನದಲ್ಲಿ ಜೇಕಬ್ ಮಾರ್ಷಲ್ ಎಂಬ ರೈತ ಇಲ್ಲಿ ಮೆಟ್ಟಿಲು ಕಡಿದನಂತೆ. ಕುದುರೆ ಬಳಸು ದಾರಿಯಲ್ಲಿ ಬರಲಿ, ತಾನು ನೇರ ಹತ್ತಿ ಮೇಲೆ ಕೂತು ಪೈಪ್ ಸೇದುತ್ತೇನೆ ಅಂತ. ಒಳ್ಳೆ ಆಸಾಮಿ.

ಮೆಟ್ಟಿಲು ಮುಗಿಯುವ ಹೊತ್ತಿಗೆ ನಾವು ಮಂಜಿನೊಳಗೆ. ಹತ್ತು ಮಾರು ಮುಂದಿನವರು ಬೂದು ನೆರಳು. ಮೇಲೆ ತಡಮೆ ಇಲ್ಲ, ಗೋಡೆಗಳೂ ಕಡಿಮೆ. ಹಾಗಾಗಿ ಜೋಡಿಗಳು ಕದಲಲಿಲ್ಲ. ನನ್ನ ಪಾಲಿಗೆ ಬಂದವನು ಅದೇ ಹೊಸ ಹುಡುಗ. ಮುಖ ಕಾಣದಿದ್ದರೆ ಕೆಲವರಿಗೆ ಮಾತು ಸುಲಭ, ಅಲ್ವಾ? ನೆಲ ನೋಡಿಕೊಂಡು ನಡೆಯುತ್ತಲೇ ಶುರು ಮಾಡಿದ. ಚಳಿಗಾಲದಲ್ಲಿ ಒಂದು ವಾರಾಂತ್ಯ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಯಾರೊಡನೆಯೂ ಮಾತಾಡಿರಲಿಲ್ಲವಂತೆ. ಸೋಮವಾರ ಮೀಟಿಂಗ್‌ನಲ್ಲಿ ಬಾಯಿ ತೆರೆದರೆ ಗಂಟಲಿಂದ ದನಿಯೇ ಹೊರಡಲಿಲ್ಲವಂತೆ. ಅವತ್ತೇ ನಡಿಗೆ ಗುಂಪಿಗೆ ಹೆಸರು ಕೊಟ್ಟನಂತೆ. 'ನಡೆಯೋದು ನನಗೆ ಅಷ್ಟು ಇಷ್ಟ ಇಲ್ಲ,' ಅಂದ. ನಾನು ನಕ್ಕೆ. ನಮ್ಮಲ್ಲಿ ಅರ್ಧ ಜನರಿಗೆ ಇಷ್ಟ ಇಲ್ಲ.

ಕಿಂಡರ್ ಲೋ ಎಂಬಲ್ಲಿ ನಕ್ಷೆ ಮಾಡುವವರು ನೆಟ್ಟ ಅಳತೆಗಂಬ, 633 ಮೀಟರ್. ಈ ಬೆಟ್ಟದ ಅತಿ ಎತ್ತರದ ಜಾಗ ಇದಕ್ಕಿಂತ ಮೂರೇ ಮೀಟರ್ ಜಾಸ್ತಿ, ಒಳಗೆ ಎಲ್ಲೋ ಜವುಗಿನ ನಡುವೆ. ಅಲ್ಲಿಗೆ ಯಾಕೆ ಹೋಗಬಾರದು ಎಂದು ಒಬ್ಬರು ಕೇಳಿದರು. ಲೀಡರ್ ಉತ್ತರ ಕೊಡದೆ ಕೋಲನ್ನು ಪಕ್ಕದ ಕಪ್ಪು ನೆಲಕ್ಕೆ ಊರಿದರು. ಕೋಲು ಅರ್ಧ ಒಳಗೆ ಹೋಯಿತು. ಪ್ರಶ್ನೆ ಮುಗಿಯಿತು.

ಈ ಕಪ್ಪು ನೆಲ ಪೀಟ್. ಸಾವಿರಾರು ವರ್ಷ ಪಾಚಿ, ಹುಲ್ಲು ನೀರಲ್ಲಿ ನೆನೆದು, ಪೂರ್ತಿ ಕೊಳೆಯದೆ ಕೂತು ಆದದ್ದು. ಕಿಂಡರ್‌ನ ಒಂದು ಬದಿಗೆ ಮ್ಯಾಂಚೆಸ್ಟರ್, ಇನ್ನೊಂದು ಬದಿಗೆ ಶೆಫೀಲ್ಡ್. ಎರಡೂ ಕಡೆಯ ಗಿರಣಿ, ಕುಲುಮೆಗಳ ಹೊಗೆ ನೂರಾರು ವರ್ಷ ಇದರ ಮೇಲೆ ಬಿದ್ದು ಪಾಚಿ ಸತ್ತಿತು. ಬೆಂಕಿ, ಕುರಿ ಮೇಯಿಸುವುದು, ನಮ್ಮಂಥವರ ಬೂಟು ಉಳಿದ ಕೆಲಸ ಮಾಡಿದವು. ಬರಿ ಪೀಟ್ ಮಳೆಗೆ ಕೊಚ್ಚಿ ಹೋಗತೊಡಗಿತು. ಈಗ ಕೊರಕಲುಗಳಿಗೆ ಅಡ್ಡಲಾಗಿ ಸಣ್ಣ ಸಣ್ಣ ಒಡ್ಡು ಕಟ್ಟಿ, ಹುಲ್ಲು ಬಿತ್ತಿ, ಪಾಚಿ ನೆಟ್ಟು ಬೆಟ್ಟವನ್ನು ಮತ್ತೆ ನೆನೆಸುತ್ತಿದ್ದಾರೆ. ಕಲ್ಲು ಮತ್ತು ಸಾಮಾನು ಹೆಲಿಕಾಪ್ಟರ್‌ನಲ್ಲಿ ಬರುತ್ತದೆ. ಮೇಷ್ಟ್ರು ಒಡ್ಡಿನ ಅಂಚಿನಲ್ಲಿ ಕಿತ್ತು ಬಿದ್ದಿದ್ದ ಒಂದು ಹಿಡಿ ಸ್ಫ್ಯಾಗ್ನಮ್ ಪಾಚಿ ಎತ್ತಿ ಹಿಂಡಿದರು. ನೀರು ಮೊಣಕೈವರೆಗೆ ಇಳಿದು ತೋಳಿನೊಳಗೆ ಹೋಯಿತು. ತನ್ನ ತೂಕದ ಇಪ್ಪತ್ತು ಪಟ್ಟು ನೀರು ಹಿಡಿಯುತ್ತದಂತೆ. ಹಿಂಡಿದ್ದನ್ನು ಜೋಪಾನವಾಗಿ ನೀರಿನ ಅಂಚಿಗೇ ಇಟ್ಟರು.

ಬುತ್ತಿ ಬಿಚ್ಚಿದ್ದು ಕಿಂಡರ್ ಡೌನ್‌ಫಾಲ್ ಹತ್ತಿರ. 30 ಮೀಟರ್ ಜಲಪಾತ. ನಾವು ನೋಡುತ್ತಿದ್ದಂತೆ ಪಶ್ಚಿಮದಿಂದ ಗಾಳಿ ಎದ್ದು ಮಂಜನ್ನು ಹರಿಯಿತು. ಕೆಳಗೆ ಜಲಾಶಯ, ಅದರಾಚೆ ಹೇಫೀಲ್ಡ್ ಕಡೆಯ ಹೊಲಗಳು, ಎಲ್ಲ ಒಮ್ಮೆಲೇ ಕಂಡವು. ಅದೇ ಗಾಳಿಗೆ ಬೀಳುವ ನೀರು ಕೆಳಗೆ ಹೋಗದೆ ಮೇಲಕ್ಕೇ ಹಾರಿ ನಮ್ಮ ಸ್ಯಾಂಡ್‌ವಿಚ್ ಮೇಲೆ ಸುರಿಯಿತು. ಹೀಗಾಗುವುದು ಇಲ್ಲಿ ಮಾಮೂಲು. ಗಾಳಿ ಜೋರಿದ್ದರೆ ಮೇಲೇಳುವ ಈ ನೀರಿನ ಹೊಗೆ ಮೈಲಿಗಟ್ಟಲೆ ದೂರಕ್ಕೆ ಕಾಣುತ್ತದೆ.

ಒದ್ದೆ ಸ್ಯಾಂಡ್‌ವಿಚ್ ತಿನ್ನುತ್ತ ಲೀಡರ್ ಬೆರಳು ಮಾಡಿ ತೋರಿಸಿದರು. 1932ರ ಏಪ್ರಿಲ್ 24, ಭಾನುವಾರ. ಕೆಳಗಿನ ಆ ಹೇಫೀಲ್ಡ್ ಕಡೆಯಿಂದ ನೂರಾರು ಜನ ಹೊರಟರು. ಹೆಚ್ಚಿನವರು ಮ್ಯಾಂಚೆಸ್ಟರ್‌ನ ಕೆಲಸಗಾರರು. ವಾರಕ್ಕೊಂದು ದಿನ ಹೊಗೆಯಿಂದ ಹೊರಗೆ ಬರುವವರು. ಆಗ ಕಿಂಡರ್ ಮೇಲೆ ಕಾಲಿಡುವಂತಿರಲಿಲ್ಲ. ಗ್ರೌಸ್ ಹಕ್ಕಿ ಬೇಟೆಗಾಗಿ ಜಮೀನುದಾರರು ಕಾವಲು ಇಟ್ಟಿದ್ದರು. ಕಲ್ಲುಗಣಿಯೊಂದರಲ್ಲಿ 20 ವರ್ಷದ ಬೆನ್ನಿ ರಾತ್‌ಮನ್ ಭಾಷಣ ಮಾಡಿದ. ಎಲ್ಲರೂ ಹಾಡುತ್ತ ಹತ್ತಿದರು. ಇಳಿಜಾರಿನಲ್ಲಿ ಕಾವಲುಗಾರರೊಡನೆ ತಳ್ಳಾಟ, ಹೊಡೆದಾಟ ಆಯಿತು. ವಾಪಸ್ ಬಂದಾಗ ಪೊಲೀಸರು ಕಾದಿದ್ದರು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಜೈಲು. ಅತಿಕ್ರಮಣ ಆಗ ಅಪರಾಧವೇ ಆಗಿರಲಿಲ್ಲ. ಅದಕ್ಕೇ ಗಲಭೆ, ಹಲ್ಲೆ ಅಂತ ಕೇಸು ಹಾಕಿದರು. ಶಿಕ್ಷೆ ಕಂಡು ಅತಿಕ್ರಮಣವನ್ನು ಒಪ್ಪದಿದ್ದವರಿಗೂ ಸಿಟ್ಟು ಬಂತು. ಹಾಗೆ ಶುರುವಾದ ಒತ್ತಾಯ ಬೆಳೆಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು. 1951ರಲ್ಲಿ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಆದದ್ದು ಇದೇ ಪೀಕ್ ಡಿಸ್ಟ್ರಿಕ್ಟ್. ಬೆಟ್ಟ, ಹುಲ್ಲುಗಾಡುಗಳಲ್ಲಿ ದಾರಿ ಬಿಟ್ಟೂ ಅಡ್ಡಾಡುವ ಹಕ್ಕಿಗೆ ಮಾತ್ರ 2000ದ ಕಾಯಿದೆವರೆಗೆ ಕಾಯಬೇಕಾಯಿತು.

1932ರಲ್ಲಿ ಈ ಬೆಟ್ಟದ ದೊಡ್ಡ ಜಮೀನುದಾರ ಡೆವನ್‌ಶೈರ್ ಡ್ಯೂಕ್. 2002ರಲ್ಲಿ, 70 ವರ್ಷದ ನೆನಪಿನ ಸಭೆಗೆ ಅವರ ಮೊಮ್ಮಗ, ಆಗಿನ ಡ್ಯೂಕ್, ಬಂದು ಅಂದಿನದಕ್ಕೆ ಕ್ಷಮೆ ಕೇಳಿದರು.

ಇಷ್ಟು ಹೇಳಿ ಮುಗಿಸುವಾಗ ಹೀದರ್ ಪೊದೆಯಿಂದ ಒಂದು ಗ್ರೌಸ್ ಹಾರಿತು. 'ಗೋ ಬ್ಯಾಕ್, ಗೋ ಬ್ಯಾಕ್' ಅಂತಲೇ ಅದರ ಕೂಗು. ಎಲ್ಲರೂ ನಕ್ಕರು. ನಾಯಿಯಮ್ಮ ಮಾತ್ರ ಹಗ್ಗ ಬಿಗಿ ಮಾಡಿದರು. ಮಾರ್ಚ್ 1ರಿಂದ ಜುಲೈ 31ರವರೆಗೆ ಇಲ್ಲಿ ನಾಯಿಯನ್ನು ಬಿಡುವಂತಿಲ್ಲ. ನೆಲದಲ್ಲೇ ಗೂಡು ಮಾಡುವ ಹಕ್ಕಿಗಳ ಕಾಲ.

ವಾಪಸ್ ಬೆಟ್ಟದ ದಕ್ಷಿಣದ ಅಂಚು ಹಿಡಿದೆವು. ವೂಲ್ ಪ್ಯಾಕ್ಸ್ ಎಂಬಲ್ಲಿ ಗಾಳಿ ಮಳೆ ಕೆತ್ತಿದ ದೊಡ್ಡ ದೊಡ್ಡ ಬಂಡೆಗಳ ಸಂತೆ. ಹತ್ತಿಹುಲ್ಲು ಬಿಳಿ ಕುಚ್ಚು ಬಿಟ್ಟಿತ್ತು. ಗ್ರಿಂಡ್ಸ್‌ಲೋ ನಾಲ್‌ನಿಂದ ಎಡೇಲ್‌ಗೆ ಇಳಿಜಾರು ಕಡಿದು. ಮಂಡಿಗಳ ಬಗ್ಗೆ ಎಲ್ಲರಿಗೂ ಒಂದೇ ಅಭಿಪ್ರಾಯ.

ಮೂರನೇ ದಿನ, ಸೋಮವಾರ: ಗ್ರಿಂಡಲ್‌ಫರ್ಡ್‌ನಿಂದ ಈಮ್

ಚೀಲ ಸಮೇತ ಎಡೇಲ್ ಬಿಟ್ಟು, ರೈಲಿನಲ್ಲಿ ಗ್ರಿಂಡಲ್‌ಫರ್ಡ್‌ಗೆ ಬಂದೆವು. ನಕ್ಷೆಯೂ ಬದಲು. ಎರಡು ದಿನ ಓಎಲ್ 1 ಹಾಳೆ, ಇವತ್ತು ಓಎಲ್ 24. ಈ ಕಿತ್ತಳೆ ರಟ್ಟಿನ ನಕ್ಷೆಗಳಲ್ಲಿ ಸಾರ್ವಜನಿಕ ಕಾಲುದಾರಿ ಹಸಿರು ಚುಕ್ಕೆ ಗೆರೆ. ಆ ಗೆರೆ ಯಾರ ಹೊಲದ ನಡುವೆ ಹೋದರೂ, ಅಂಗಳದ ಪಕ್ಕ ಹೋದರೂ ನಡೆಯುವ ಹಕ್ಕು ನಮ್ಮದು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ದಾರಿ ಸುಮಾರು 1,40,000 ಮೈಲಿ ಇದೆ. ನಕ್ಷೆಯಲ್ಲಿ ಇಲ್ಲದ ದಾರಿಯಾದರೂ, ಜನ ಯಾರನ್ನೂ ಕೇಳದೆ, ಯಾರೂ ತಡೆಯದೆ 20 ವರ್ಷ ನಡೆದಿದ್ದರೆ ಅದನ್ನು ಸಾರ್ವಜನಿಕ ದಾರಿ ಎಂದು ದಾಖಲಿಸಲು ಅರ್ಜಿ ಹಾಕಬಹುದು. ಜಮೀನುದಾರ ಒಪ್ಪದಿದ್ದರೆ ವಿಚಾರಣೆ. ಆಗ ಸಾಕ್ಷಿ ಹೇಳುವವರು ಯಾರು? ನಾಯಿ ಕರೆದುಕೊಂಡು ದಿನಾ ಹೋದವರು, ನಮ್ಮಂಥ ಗುಂಪಿನವರು. ನಮ್ಮ ಲೀಡರ್ ಹಳೆಯ ನಡಿಗೆ ಚೀಟಿಗಳನ್ನು ಎಸೆಯದೆ ಫೈಲ್ ಮಾಡಿ ಇಡುವುದು ಇದಕ್ಕೇ. ನಾವು ಅದನ್ನು ಅವರ ವಯಸ್ಸಿನ ಗೀಳು ಅಂದುಕೊಂಡಿದ್ದೆವು.

ಡರ್ವೆಂಟ್ ಹೊಳೆ ದಾಟಿ ಕಾಡಿನೊಳಗೆ ಹೋದರೆ ಕಾಡುಬೆಳ್ಳುಳ್ಳಿಯ ಘಾಟು. ಕೊನೆಯ ಬ್ಲೂಬೆಲ್ ಹೂಗಳು ಬಾಡುತ್ತಿದ್ದವು. ಸ್ಟೋನಿ ಮಿಡಲ್‌ಟನ್ ಊರಿನಲ್ಲಿ ಎಂಟು ಮೂಲೆಯ ಚರ್ಚ್ ನೋಡಿ, ಅಲ್ಲಿಂದ ಈಮ್ ಕಡೆಗೆ ಹೊಲದ ಏರು.

ಇಲ್ಲಿ ಗೋಡೆಯೆಲ್ಲ ಸುಣ್ಣಕಲ್ಲು. ಗಾರೆ ಇಲ್ಲ. ಎರಡು ಬದಿಗೂ ಒಳಕ್ಕೆ ವಾಲಿದ ಕಲ್ಲಿನ ಸಾಲು, ನಡುವೆ ಚೂರುಕಲ್ಲು ತುಂಬಿ, ಅಲ್ಲಲ್ಲಿ ಈ ಬದಿಯಿಂದ ಆ ಬದಿಗೆ ಚಾಚುವ ಉದ್ದ ಕಲ್ಲು ಹಾಕಿ ಹಿಡಿದಿದ್ದಾರೆ. ತಡಮೆಯೂ ಬೇರೆ ಥರ. ಎರಡು ಚಪ್ಪಡಿ ನಿಲ್ಲಿಸಿ, ನಡುವೆ ಸಂದಿ ಬಿಟ್ಟಿರುತ್ತಾರೆ. ಮನುಷ್ಯರ ಕಾಲಿನಷ್ಟೇ ಅಗಲ. ಕುರಿಯ ಹೊಟ್ಟೆ ತೂರುವುದಿಲ್ಲ. ನಮ್ಮಲ್ಲಿ ಕೆಲವರದ್ದೂ ತೂರುವುದಿಲ್ಲ. ಒಬ್ಬರು ಚೀಲ ಇಳಿಸಿ, ಉಸಿರು ಎಳೆದು, ಅಡ್ಡಡ್ಡ ತೂರಿ ಹೊರಬಂದಾಗ ಆಚೆ ಬದಿಯಲ್ಲಿ ಚಪ್ಪಾಳೆ. ಚಪ್ಪಡಿಯ ಒಳಬದಿ ಮುಟ್ಟಿ ನೋಡಿದೆ. ತೊಡೆಯ ಎತ್ತರದಲ್ಲಿ ಮಾತ್ರ ನುಣುಪು. ಅದರ ಮೇಲೆ, ಕೆಳಗೆ ಒರಟು. ಎಷ್ಟು ತಲೆಮಾರಿನ ಪ್ಯಾಂಟು ಲಂಗಗಳು ಉಜ್ಜಿರಬೇಕು.

ಹೊಲದ ನಡುವೆ ಗಡಿಕಲ್ಲು ಸಿಕ್ಕಿತು. ಸಾಮಾನ್ಯ ಬಂಡೆ, ಮೇಲೆ ಆರು ಗುಂಡಿ. 1665ರಲ್ಲಿ ಲಂಡನ್‌ನಿಂದ ಈಮ್‌ನ ದರ್ಜಿಯ ಮನೆಗೆ ಬಟ್ಟೆಯ ಗಂಟು ಬಂತು. ಅದರ ಜೊತೆ ಪ್ಲೇಗ್ ಬಂತು ಎನ್ನುತ್ತಾರೆ. ಸೆಪ್ಟೆಂಬರ್‌ನಲ್ಲಿ ದರ್ಜಿಯ ಸಹಾಯಕ ಜಾರ್ಜ್ ವಿಕರ್ಸ್ ಮೊದಲು ಸತ್ತ. ಮರುವರ್ಷ ಬೇಸಿಗೆಯಲ್ಲಿ ರೋಗ ಮತ್ತೆ ಏರಿದಾಗ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವರಿಗಿಂತ ಮುಂಚಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಸೇರಿ ಊರವರನ್ನು ಒಪ್ಪಿಸಿದರು. ಯಾರೂ ಗಡಿ ದಾಟಬಾರದು, ರೋಗ ಇಲ್ಲಿಗೇ ನಿಲ್ಲಲಿ. ಹೊರಗಿನವರು ಈ ಕಲ್ಲಿನ ಬಳಿ ಆಹಾರ ಇಟ್ಟು ಹೋಗುತ್ತಿದ್ದರು. ಊರವರು ಗುಂಡಿಯಲ್ಲಿ ವಿನೆಗರ್ ತುಂಬಿ, ಅದರಲ್ಲಿ ನಾಣ್ಯ ಮುಳುಗಿಸಿ ಇಡುತ್ತಿದ್ದರು. ಸುಮಾರು 260 ಜನ ಸತ್ತರು ಎನ್ನುವುದು ಮೊದಲಿಂದ ಬಂದ ಲೆಕ್ಕ. ಮಾಂಪೆಸನ್ ಅವರ ಹೆಂಡತಿ ಕ್ಯಾಥರೀನ್ ಕೂಡ ಅದರಲ್ಲಿ ಒಬ್ಬರು.

ಊರಿನ ಒಳಗೆ ಮನೆ ಮನೆ ಮುಂದೆ ಹಸಿರು ಫಲಕ. ಈ ಮನೆಯಲ್ಲಿ ಇಂಥವರು ಸತ್ತರು, ಇಂಥ ದಿನ. ಕಿಟಕಿಯಲ್ಲಿ ಹೂಕುಂಡ, ಒಳಗೆ ಟಿವಿ ನೋಡುತ್ತಿರುವ ಮನೆಯವರು. ಆ ಫಲಕದ ಹಿಂದೆ ದಿನಾ ಊಟ ಮಾಡಿ ಮಲಗುವುದು ನನ್ನಿಂದ ಆಗದು.

ಇಲ್ಲಿ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಮುಚ್ಚಿಕೊಂಡ ಈ ಊರಿಗೆ ಆಹಾರ ಕಳಿಸಿಕೊಟ್ಟವರಲ್ಲಿ ಡೆವನ್‌ಶೈರ್ ಅರ್ಲ್ ಇದ್ದರು. ಪಕ್ಕದ ಚಾಟ್ಸ್‌ವರ್ತ್ ಅರಮನೆಯವರು. ಆಮೇಲೆ ಅದೇ ಮನೆತನ ಡ್ಯೂಕ್ ಆಯಿತು. ನಿನ್ನೆ ಕಿಂಡರ್ ಮೇಲೆ ಬೈಸಿಕೊಂಡ ಮನೆತನವೂ ಅದೇ. ಹೇಳಿದಾಗ ಮೇಷ್ಟ್ರು, 'ಅನ್ನ ಕೊಡೋದು ಸುಲಭ, ದಾರಿ ಬಿಡೋದು ಕಷ್ಟ,' ಎಂದು ಮುಂದೆ ನಡೆದರು.

ವಾಪಸ್ ಬರುವ ದಾರಿಯಲ್ಲಿ ರೈಲಿ ಗ್ರೇವ್ಸ್. ಹೊಲದ ನಡುವೆ ದುಂಡನೆಯ ಗೋಡೆ, ಒಳಗೆ ಕೆಲವು ಸಮಾಧಿ ಕಲ್ಲು. 1666ರ ಆಗಸ್ಟ್‌ನಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಗಂಡನನ್ನೂ ಆರು ಮಕ್ಕಳನ್ನೂ ಎಂಟು ದಿನಗಳಲ್ಲಿ ಇಲ್ಲಿ ತಾನೇ ಮಣ್ಣು ಮಾಡಿದಳು. ರೋಗದ ಭಯಕ್ಕೆ ಯಾರೂ ಹತ್ತಿರ ಬರುವಂತಿರಲಿಲ್ಲ. ನಾಯಿಯಮ್ಮ ಒಳಗೆ ಬರಲಿಲ್ಲ. ಗೇಟಿನ ಹೊರಗೆ ನಿಂತಿದ್ದರು. ಅವರ ಗಂಡ ತೀರಿಕೊಂಡು ಬಹಳ ದಿನ ಆಗಿಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ. ಎರಡು ದಿನ ಅಷ್ಟು ಮಾತಾಡಿದರೂ ಆ ವಿಷಯ ಮಾತ್ರ ಬಂದಿರಲಿಲ್ಲ. ಮುಂದಿನ ಗೋಡೆ ಸಂದಿಯ ಆಚೆ ಅವರಿಗಾಗಿ ಕಾದು ನಿಂತವನು ಹೊಸ ಹುಡುಗ. ಇಳಿಜಾರು ಮುಗಿಯುವವರೆಗೆ ನಾಯಿಯ ಹಗ್ಗ ಅವನ ಕೈಯಲ್ಲಿತ್ತು.

ಗ್ರಿಂಡಲ್‌ಫರ್ಡ್ ನಿಲ್ದಾಣದಲ್ಲಿ ಗಾಡಿಗೆ ಇನ್ನೂ ಮುಕ್ಕಾಲು ಗಂಟೆ. ಎಲ್ಲರ ಕೈಗೂ ದೊಡ್ಡ ಮಗ್‌ನಲ್ಲಿ ಟೀ ಬಂತು. ಲೀಡರ್ ಕೇಳಿದರು, ಜೂನ್ ತಿಂಗಳ ನಡಿಗೆ ಯಾರು ಮಾಡಿಸುತ್ತೀರಿ? ಪ್ರತಿ ತಿಂಗಳು ಈ ಪ್ರಶ್ನೆ ಬಂದಾಗ ಎಲ್ಲರಿಗೂ ತಮ್ಮ ಬೂಟಿನ ಲೇಸ್ ನೆನಪಾಗುತ್ತದೆ. ಬಗ್ಗಿದೆವು. ಹೊಸ ಹುಡುಗನಿಗೆ ಈ ಪದ್ಧತಿ ಗೊತ್ತಿರಲಿಲ್ಲ, ನೆಟ್ಟಗೆ ಕೂತಿದ್ದ. ಅವನ ಹೆಸರೇ ಚೀಟಿಯಲ್ಲಿ ಬರೆದಾಯಿತು.

'ನನಗೆ ನಕ್ಷೆ ಓದೋಕೆ ಬರಲ್ಲ,' ಅಂದ.

'ಮುಂದಿನ ಶನಿವಾರ ಬಾ, ದಾರಿ ನೋಡಿಕೊಂಡು ಬರೋಣ,' ಅಂದರು ನಾಯಿಯಮ್ಮ. 'ನನಗೂ ಬರಲ್ಲ. ಮನೆಯಲ್ಲಿ ನಕ್ಷೆ ರಾಶಿ ಇದೆ. ಒಂದೇ ಮಾತು, ದನ ಇರೋ ಹೊಲ ಬೇಡ.'

ಲಿಂಕನ್‌ಶೈರ್‌ನಲ್ಲಿ ದನ ಇಲ್ಲದ ಹೊಲ ಎಲ್ಲೆಲ್ಲಿ ಇದೆ ಎಂಬ ಚರ್ಚೆ ಶೆಫೀಲ್ಡ್ ಬರುವವರೆಗೂ ನಡೆಯಿತು.